ಹೆರಿಗೆ ವಾರ್ಡಿನ ಪೆಟ್ಟು

ಹುಬ್ಬಳ್ಳಿಯ ಬೆಂಗೇರಿಯ ಆ ಮನೆಗೆ ನಾನು ಹೋದ ಮೊದಲ ದಿನವೇ ತಾಯಿ ಮಗಳಿಗೆ ಹೊಡೆದರು. ಮಗಳು ತುಂಬು ಬಸುರಿ. ನಾನು ಆಗಷ್ಟೇ ಚಹಾದ ಕಪ್ಪು ಕೈಗೆ ತಗೊಂಡಿದ್ದೆ.

"ನಾ ದೊಡ್ಡ ದವಾಖಾನಿಗೇ ಹೋಗ್ತೇನಿ ಅಮ್ಮಿ. ಬಿಪಿ ಏರೇತಿ ಅಂತ ಡಾಕ್ಟರ್ ಹೇಳ್ಯಾರ," ಎಂದಳು ಮಗಳು. ತಾಯಿ ಹೊಲಿಗೆ ಮಷಿನ್ ಬಿಟ್ಟು ಎದ್ದು ಬಂದವರೇ ಅವಳ ಕೆನ್ನೆಗೆ ಬಾರಿಸಿದರು. ಮಗಳ ತಲೆ ಹಿಂದಿನ ಕಪಾಟಿಗೆ ಬಡಿದು ಒಳಗಿದ್ದ ಪಾತ್ರೆಗಳು ಸದ್ದು ಮಾಡಿದವು. ಮನೆಯಲ್ಲಿ ಅವರು ಉರ್ದು ಆಡುತ್ತಾರೆ. ಆದರೆ ಅವತ್ತು ನನಗೂ ತಿಳಿಯಲಿ ಅಂತಲೋ ಏನೋ, ಕನ್ನಡದಲ್ಲೇ ಜಗಳಾಡಿದರು.

ಮಗಳು ಅಳಲಿಲ್ಲ. ಕೆನ್ನೆ ಹಿಡಕೊಂಡು, "ಅಲ್ಲಿ ಹೊಡೀತಾರಂತ ಹೆದರ್ತಿ, ಇಲ್ಲಿ ನೀನ ಹೊಡೀತೀಯಲ್ಲ," ಎಂದಳು.

ತಾಯಿ ಹಾಗೆಯೇ ನೆಲದ ಮೇಲೆ ಕುಸಿದು ಕೂತರು. ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಕೊಂಡಿದ್ದರು.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಮಿಷನ್ ಕಾಂಪೌಂಡಿನಲ್ಲಿ ಹುಟ್ಟಿ ಬೆಳೆದ ಪ್ರಾಟೆಸ್ಟಂಟ್ ಮನೆತನ ನಮ್ಮದು. ಪಿಎಚ್‌ಡಿಗೆಂದು ನಾನು ಹಿಡಿದಿದ್ದ ಪ್ರಶ್ನೆ ಕೇಳಲು ಸರಳವಾಗಿತ್ತು: ಹುಬ್ಬಳ್ಳಿಯ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹೆರಿಗೆಗೆ ಹತ್ತಿರದ ದೊಡ್ಡ ದವಾಖಾನೆ ಬಿಟ್ಟು ದೂರದ ಸಣ್ಣ ದವಾಖಾನೆ ಹುಡುಕಿಕೊಂಡು ಯಾಕೆ ಹೋಗುತ್ತಾರೆ? ನನ್ನ ಗೈಡ್ ಆಗಿದ್ದ ಪ್ರಾಧ್ಯಾಪಕರಿಗೆ ಉತ್ತರ ಮೊದಲೇ ಗೊತ್ತಿತ್ತು. ಪರದಾ ಪದ್ಧತಿ, ಓದಿನ ಕೊರತೆ, ಮೂಢನಂಬಿಕೆ. "ಹೋಗಿ ಮಾತಾಡಿಸಿ ಬರ್ರಿ, ಇದ ಬರ್ತದ," ಎಂದಿದ್ದರು. ಅದಕ್ಕೇ ನಾನು ಓಣಿ ಓಣಿ ಸುತ್ತುತ್ತಿದ್ದೆ. ಯಾರೋ ಹೇಳಿದರೆಂದು ಬುರ್ಖಾ ಹೊಲಿದುಕೊಡುವ ಈ ವಿಧವೆ ತಾಯಿಯ ಮನೆಗೆ ಬಂದಿದ್ದೆ. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಗಂಡ ಲಾರಿ ಡ್ರೈವರ್, ಮಹಾರಾಷ್ಟ್ರದ ಕಡೆ ಹೋಗಿದ್ದ. ಖಾಲಾ ಅವರ ಹಿರಿಯ ಮಗ ಬೈರಿದೇವರಕೊಪ್ಪದ ಗ್ಯಾರೇಜಿನಲ್ಲಿ ಮೆಕ್ಯಾನಿಕ್.

ಮಗಳು ಒಳಗೆ ಹೋದ ಮೇಲೆ ಖಾಲಾ ತಾವಾಗಿಯೇ ಮಾತಿಗೆ ಶುರುವಿಟ್ಟರು.

"ಟೀಚರ್ರ, ನನ್ನ ಹಿರೇ ಮಗಾ ಹುಟ್ಟಿದ್ದು ಅದ ದೊಡ್ಡ ದವಾಖಾನ್ಯಾಗ. ನಾ ಆವಾಗ ಸಣ್ಣಾಕಿ. ಬುರ್ಖಾ ಎಳದು ಮೂಲಿಗೆ ಒಗದ್ರು. ಗಂಡಸರು ಒಳಗ ಬರ್ತಿದ್ರು, ಹೋಗ್ತಿದ್ರು. ಮೈಮ್ಯಾಲ ಒಂದು ಅರಿವಿ ಹಾಕ್ರೀ ಅಂದೆ. ನರ್ಸಬಾಯಿ ತೊಡಿಗೆ ಹೊಡದ್ಲು. ಬ್ಯಾನಿ ತಡಕೊಳ್ಳಾಕ ಆಗದ 'ಯಾ ಅಲ್ಲಾ' ಅಂತ ಒದರಿದೆ. 'ಇಲ್ಲಿ ನಿಮ್ಮ ಅಲ್ಲಾ ಬರಂಗಿಲ್ಲ, ವರ್ಷಕ್ಕೊಂದು ಹಡೀತೀರಿ, ಈಗ್ಯಾಕ ಒದರ್ತಿ' ಅಂತ ಬಾಯಿಮ್ಯಾಲ ಹೊಡದ್ಲು. ಅದು ನನ್ನ ಮೊದಲನೇ ಹೆರಿಗಿ, ಟೀಚರ್ರ. ಕತ್ತರಿ ಹಿಡಿಕಿಯಿಂದ ಮೊಣಕಾಲಿಗೆ ಕುಟ್ಟಿದ್ಲು, ಕಾಲು ಅಗಲ ಮಾಡು ಅಂತ. ಮಗಾ ಹುಟ್ಟಿದ್ದು ನೆನಪಿಲ್ಲ. ಆ ಕತ್ತರಿ ನೆನಪೈತಿ."

ಎರಡನೇ ಸಲ ಅವರು ಹಠ ಹಿಡಿದು ಹಳೆಯ ಮಿಷನ್ ದವಾಖಾನೆಗೆ ಹೋಗಿದ್ದರು. ಅವರ ತಾಯಿಯೂ ಅಲ್ಲೇ ಹಡೆದವರು. ಬಿಳಿ ಡಾಕ್ಟರಮ್ಮಂದಿರ ಕಾಲದಿಂದಲೂ ಅಲ್ಲಿ ಹೆರಿಗೆ ಕೋಣೆಗೆ ಗಂಡಸರು ಕಾಲಿಡುತ್ತಿರಲಿಲ್ಲ ಎಂಬ ಮಾತು ಆ ಮನೆಯ ಹೆಂಗಸರಲ್ಲಿ ಬಾಯಿಂದ ಬಾಯಿಗೆ ಬಂದಿತ್ತು. ಈಗ ಅಲ್ಲಿ ಆಪರೇಷನ್‌ಗೆ ಅನುಕೂಲವಿಲ್ಲ, ರಕ್ತವಿಲ್ಲ, ಕಷ್ಟದ ಕೇಸುಗಳನ್ನು ತಗೊಳ್ಳುವುದಿಲ್ಲ. ಖಾಲಾಗೆ ಅದೆಲ್ಲ ಬೇಕಿರಲಿಲ್ಲ, ಮಗಳೂ ಅಲ್ಲೇ ಹಡೆಯಲಿ ಎನ್ನುತ್ತಿದ್ದರು.

ಇನ್ನೂ ಹಿಂದಿನದೊಂದು ಮಾತು ಹೇಳಿದರು. ಅವರ ಅಜ್ಜಿಯ ತಾಯಿಯದು. ಊರಿಗೆ ಪ್ಲೇಗು ಬಿದ್ದಿದ್ದ ಕಾಲ. "ಸಿಪಾಯಿಗಳು ಮನಿ ಒಳಗ ನುಗ್ಗಿದ್ರಂತ. ಬಗಲಾಗ ಪ್ಲೇಗಿನ ಗಂಟು ಐತೇನಂತ ನೋಡಾಕ ಹೆಂಗಸರ ಕೈ ಎತ್ತಿಸಿದ್ರಂತ. ಆಕಿನ್ನ ಕೂದಲಾ ಹಿಡದು ಎಳಕೊಂಡು ಹೋಗಿ ಊರ ಹೊರಗಿನ ಶೆಡ್ಡಿನ್ಯಾಗ ಒಗದ್ರು. ಮನಿ ಹಂಚು ಕಿತ್ತು ಹಾಕಿದ್ರು, ಹಾಸಿಗಿ ಸುಟ್ರು. ಆಕಿ ತಿರುಗಿ ಬರಲಿಲ್ಲ. ಹೆಣಾನೂ ಕೊಡಲಿಲ್ಲ." ಕಣ್ಣಾರೆ ಕಂಡವರ ಹಾಗೆ ಹೇಳಿದರು. ಅವರ ಮಗನೂ ಇವೆಲ್ಲವನ್ನು ಕೇಳುತ್ತಲೇ ಬೆಳೆದವನು. ತಾನು ಹುಟ್ಟುವಾಗ ತಾಯಿ ತಿಂದ ಪೆಟ್ಟಿನ ಕಥೆ ಅವನಿಗೆ ಬಾಯಿಪಾಠವಾಗಿತ್ತು.

ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದವಳೇ ನನ್ನ ತಾಯಿಯನ್ನು ಕೇಳಿದೆ. ಅವ್ವ ಅದೇ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು. ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮಿಷನ್ ದವಾಖಾನೆಯಲ್ಲಿ ಹೊಡೆಯುತ್ತಿರಲಿಲ್ಲ ಅಲ್ಲವಾ ಎಂದೆ, ಹೌದೆನ್ನುತ್ತಾಳೆ ಎಂಬ ಧೈರ್ಯದಲ್ಲಿ.

"ಹೊಡೀತಿದ್ವಿ," ಎಂದಳು ಅವ್ವ.

ಸೀರೆಯ ಮೇಲಿಂದಲೇ ತನ್ನ ತೊಡೆಯ ಒಳಬದಿಯನ್ನು ತೋರಿಸಿದಳು. "ಇಲ್ಲಿ. ಇಲ್ಲಿ ಹೊಡದ್ರ ಗುರ್ತು ಯಾರಿಗೂ ಕಾಣಂಗಿಲ್ಲ. ಹಿರೇ ಸಿಸ್ಟರ್ ಕಲಿಸಿದ್ರು ನಮಗ. ಹೊಡೀಲಿಲ್ಲಂದ್ರ ತಾಯಿ ಜೋರು ಹಾಕಂಗಿಲ್ಲ, ಕೂಸು ಉಸಿರುಗಟ್ಟಿ ಸಾಯ್ತದ ಅಂತ. ಅದೂ ಕೆಲಸದಾಗ ಒಂದು ಅಂದ್ಕೊಂಡಿದ್ವಿ."

"ಎಲ್ಲಾರಿಗೂ ಹೊಡೀತಿದ್ದೇನವ್ವಾ?"

ಅವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಎಲ್ಲಾರಿಗೂ ಅಲ್ಲ. ಹೊಡಿಸ್ಕೊಂಡು ಸುಮ್ಮನಿರೋ ಮಂದಿಗೆ."

ಅವ್ವ ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ಮುಂದಿನ ಸಲ ಬೆಂಗೇರಿಗೆ ಹೋದಾಗ ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಮಗಳು ಮಂಚದ ಮೇಲೆ ತಲೆ ಹಿಡಕೊಂಡು ಕೂತಿದ್ದಳು. ಕಾಲು ಬಾತು ಚಪ್ಪಲಿ ಹಿಡಿಯದ ಹಾಗಾಗಿದ್ದವು. "ಕಣ್ಣ ಮುಂದ ಮಿಂಚು ಹೊಡದಂಗ ಆಗಾಕತ್ತೇತ್ರಿ," ಎಂದಳು. ಅದೇ ಕೊನೆ, ಮಾತು ನಿಂತಿತು. ಕಣ್ಣು ಮೇಲೆ ಹೋದವು, ದವಡೆ ಕಚ್ಚಿಕೊಂಡಿತು, ಮೈಯೆಲ್ಲ ಸೆಟೆದು ಮಂಚವೇ ಗೋಡೆಗೆ ಬಡಿಯುವ ಹಾಗೆ ಅದುರತೊಡಗಿದಳು. ನಾಲಿಗೆ ಹಲ್ಲಿಗೆ ಸಿಕ್ಕು ಬಾಯಿಂದ ರಕ್ತದ ನೊರೆ ಬಂತು. ಖಾಲಾ ಚಮಚ ತಂದು ಬಾಯಿಗೆ ತುರುಕಲು ಹೋದರು. ನಾನು ಕಿತ್ತುಕೊಂಡೆ. ಇಬ್ಬರೂ ಸೇರಿ ಅವಳನ್ನು ಮಗ್ಗುಲಿಗೆ ಹೊರಳಿಸಿದೆವು. ಆ ಒದ್ದಾಟದಲ್ಲಿ ಅವಳ ಮೊಣಕೈ ನನ್ನ ತುಟಿಗೆ ಬಡಿದು ನನ್ನ ಬಾಯಲ್ಲೂ ರಕ್ತ.

ಮಗ ಗ್ಯಾರೇಜಿನ ಗೂಡ್ಸ್ ಆಟೋ ತಂದ. ಹಾಸಿಗೆ ಸಮೇತ ಅವಳನ್ನು ಎತ್ತಿ ಹಿಂದೆ ಹಾಕಿದೆವು. ಖಾಲಾ, "ಮಿಷನ್ ದವಾಖಾನಿಗೆ ನಡಿ," ಎಂದರು.

"ಅಲ್ಲಿ ಏನೂ ಇಲ್ಲ ಅಮ್ಮಿ! ದಾರ್ಯಾಗ ಸಾಯ್ತಾಳ!" ಎಂದು ಅವನು ತಾಯಿಯ ಮೇಲೆ ಚೀರಿದ. ತಂಗಿ ದಿನವೂ ಹೇಳುತ್ತಿದ್ದ ದೊಡ್ಡ ದವಾಖಾನೆಯ ಕಡೆಗೇ ಗಾಡಿ ತಿರುಗಿಸಿದ.

ಅಲ್ಲಿ ಡ್ಯೂಟಿಯಲ್ಲಿದ್ದವನು ಎಳೆಯ ಡಾಕ್ಟರ್. ಓಡಿಬಂದ, ಸೂಜಿ ಚುಚ್ಚಿದ, ಝಟಕೆ ನಿಂತಿತು. ಆಪರೇಷನ್ ಮಾಡಬೇಕು, ರಕ್ತ ಬೇಕು ಎಂದು ಮಗನನ್ನು ಕೆಳಗಿನ ರಕ್ತನಿಧಿಗೆ ಕಳಿಸಿದ. ದೊಡ್ಡ ಡಾಕ್ಟರಮ್ಮನನ್ನು ಕರೆಯಲು ತಾನೇ ಥಿಯೇಟರಿನ ಕಡೆ ಓಡಿದ. ಖಾಲಾ ಅವರನ್ನು ವಾರ್ಡಿನ ಬಾಗಿಲಲ್ಲೇ ತಡೆದರು. ನಾನು ಕಾಲೇಜಿನವಳು ಎಂದದ್ದಕ್ಕೆ ನನ್ನನ್ನು ಮಾತ್ರ ಒಳಗೆ ಬಿಟ್ಟರು. ನನ್ನ ಸೀರೆ, ನನ್ನ ಖಾಲಿ ಹಣೆ ನೋಡಿದ ನರ್ಸ್, "ನೀವು ಯಾರ ಪೈಕಿರಿ?" ಎಂದು ಕೇಳಿದ್ದಳು. ಕ್ರಿಶ್ಚನ್ ಎಂದೆ. "ಹಂಗಾರ ಬರ್ರಿ," ಎಂದಳು.

ಅಷ್ಟರಲ್ಲಿ ಮಗಳಿಗೆ ಎಚ್ಚರ ಬಂದಿತ್ತು. ಎಲ್ಲಿದ್ದೇನೆ ಎಂದು ತಿಳಿಯದೆ ಕೂಗಿಕೊಂಡಳು, ಸಲೈನ್ ನಳಿಕೆ ಎಳೆಯಲು ಹೋದಳು. ನರ್ಸ್ ಬಂದು ತೊಡೆಯ ಒಳಬದಿಗೆ ಹೊಡೆದಳು. ಅವ್ವ ತೋರಿಸಿದ್ದ ಜಾಗ ಅದೇ. ಪಕ್ಕದ ಮಂಚದ ಬಾಣಂತಿ ಮುಖ ಆಚೆ ಹೊರಳಿಸಿದಳು. ನಾನು, "ಏ, ಹೊಡೀಬ್ಯಾಡ್ರಿ," ಎಂದು ಹತ್ತಿರ ಹೋಗುವಷ್ಟರಲ್ಲಿ ನರ್ಸಿನ ಕೈ ಎರಡನೇ ಸಲ ಮೇಲೆದ್ದಿತ್ತು. ಆ ಕೈಯನ್ನು ಮಲಗಿದ್ದವಳು ಗಾಳಿಯಲ್ಲೇ ಹಿಡಿದಳು.

"ಹೊಡೀಬ್ಯಾಡ್ರಿ. ನಿಮ್ಮ ಕೆಲಸ ಮಾಡ್ರಿ," ಎಂದಳು. ಕಚ್ಚಿಕೊಂಡ ನಾಲಿಗೆಯಿಂದ ಮಾತು ತೊದಲಾಗಿ ಬಂತು, ಆದರೂ ಎಲ್ಲರಿಗೂ ಕೇಳಿಸಿತು.

ನರ್ಸ್ ಕೈ ಬಿಡಿಸಿಕೊಳ್ಳಲು ಜಗ್ಗಿದಳು. ಇವಳು ಬಿಡಲಿಲ್ಲ. ಉಗುರು ನಾಟಿದವು. "ನಿಮ್ಮ ಮಂದಿಗೆ ಇಷ್ಟು ಸೊಕ್ಕೇನ?" ಎಂದು ನರ್ಸ್ ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಬಾರಿಸಿದಳು. ಒಂದು ಪೆಟ್ಟಿಗೆ ನಿಲ್ಲಲಿಲ್ಲ. ನಾನು ಹಿಂದಿನಿಂದ ಅವಳ ಸೊಂಟ ಹಿಡಿದು ಎಳೆದೆ, ಇಬ್ಬರೂ ಸ್ಟೂಲಿನ ಮೇಲೆ ಬಿದ್ದೆವು.

ಮಗಳ ಕೂಗು ಹೊರಗೆ ಕೇಳಿಸಿತ್ತು. ಖಾಲಾ ಬಾಗಿಲು ತಳ್ಳಿಕೊಂಡು ನುಗ್ಗಿದರು. ಸೆಕ್ಯುರಿಟಿಯವನು ಅವರ ಬುರ್ಖಾದ ಹಿಂಭಾಗ ಹಿಡಿದು ಜಗ್ಗಿದ. ಅವರು ಜಾರಿ ಮುಖಾಡೆ ನೆಲಕ್ಕೆ ಬಿದ್ದರು. ನಾನು ಹೊರಗೆ ಓಡಿಬಂದು ಎಬ್ಬಿಸಿದಾಗ ಮುಂದಿನ ಹಲ್ಲು ಮುರಿದು ಗದ್ದದ ತುಂಬ ರಕ್ತ. ಅದೇ ಹೊತ್ತಿಗೆ ಮಗ ರಕ್ತದ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ಹಿಂದೆ ರಕ್ತ ಕೊಡಲು ಬಂದಿದ್ದ ಗ್ಯಾರೇಜಿನ ಗೆಳೆಯರು.

ತಾಯಿಯ ಮುಖ ನೋಡಿದ. ರಕ್ತದ ಚೀಲವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. ಅದು ಒಡೆಯದ ಹಾಗೆ ಅವನು ತೋರಿದ ಜೋಪಾನ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಗೋಡೆಗೆ ಒರಗಿಸಿದ್ದ ಸಲೈನ್ ಸ್ಟ್ಯಾಂಡ್ ಎತ್ತಿಕೊಂಡ.

ಸೆಕ್ಯುರಿಟಿಯವನು ಓಡಿಹೋಗಿದ್ದ. ನರ್ಸ್ ತನ್ನ ಕೋಣೆ ಸೇರಿ ಅಗಳಿ ಹಾಕಿಕೊಂಡಿದ್ದಳು. ಅವನ ಎದುರಿಗೆ ಬಂದವನು ಆ ಎಳೆಯ ಡಾಕ್ಟರ್. "ಥಿಯೇಟರ್ ರೆಡಿ ಆಗೇತ್ರಿ, ರಕ್ತ ಎಲ್ಲೈತಿ?" ಎಂದು ಕೇಳುತ್ತಲೇ ಓಡಿಬಂದ. ಮೊದಲ ಪೆಟ್ಟಿಗೆ ಅವನು ಅಡ್ಡ ಹಿಡಿದ ಕೈ ಮುರಿಯಿತು, ಎರಡನೆಯದು ಕಿವಿಗೆ ಬಿತ್ತು. ಅವನು ಗೋಡೆಗುಂಟ ಜಾರಿ ಕೂತ. ಗೆಳೆಯರು ಕಿಟಕಿ ಗಾಜು ಒಡೆಯತೊಡಗಿದ್ದರು. ನಾನು ಹೇಗೆ ನಡುವೆ ಹೋದೆನೋ ನೆನಪಿಲ್ಲ. "ಇವ ನಿನ್ನ ತಂಗಿನ್ನ ಉಳಿಸಿದಾವ ಲೇ!" ಎಂದು ಕೂಗಿದ್ದು ನೆನಪಿದೆ. ಮೇಲೆದ್ದಿದ್ದ ಸ್ಟ್ಯಾಂಡಿನ ಕಬ್ಬಿಣದ ಬುಡ ನನ್ನ ಎಡ ಹೆಗಲಿನ ಮುಂದಿನ ಎಲುಬಿಗೆ ಬಿತ್ತು. ಒಳಗೆ ಏನೋ ಲಟಕ್ಕೆಂದದ್ದು ಕಿವಿಗೆ ಕೇಳಿಸಿತು. ನೋವು ಆಮೇಲೆ ಬಂತು.

ಹೊಡೆದವನು ನನ್ನನ್ನು ನೋಡಿ ನಿಂತುಬಿಟ್ಟ. ಅವನ ಕೈಯಲ್ಲಿದ್ದದ್ದು ಕೆಳಗೆ ಬೀಳುವುದಕ್ಕೂ ವಾರ್ಡ್‌ಬಾಯ್‌ಗಳು ಬಡಿಗೆ ಹಿಡಿದು ಬರುವುದಕ್ಕೂ ಸರಿಹೋಯಿತು. ಅವನನ್ನು ಕೆಡವಿ, ಪೊಲೀಸರು ಬರುವ ತನಕ ಬಡಿದರು. ಮುಖ ಗುರುತು ಸಿಗದ ಹಾಗೆ ಬಡಿದರು. ಖಾಲಾ ಅವನ ಮೇಲೆ ಬಿದ್ದು ಮುಚ್ಚಿಕೊಂಡರು. ಅವರ ಬೆನ್ನಿಗೂ ಬಿದ್ದವು. ಪೆಟ್ಟು ತಿಂದ ಡಾಕ್ಟರ್ ಮಾತ್ರ ಗೋಡೆ ಹಿಡಿದು ಎದ್ದು, ಬೆಂಚಿನ ಮೇಲಿದ್ದ ರಕ್ತದ ಚೀಲವನ್ನು ಮುರಿಯದ ಕೈಯಲ್ಲಿ ಹಿಡಿದು ಥಿಯೇಟರಿನ ಕಡೆ ನಡೆದ. ಬಾಗಿಲಲ್ಲಿ ಅದನ್ನು ದೊಡ್ಡ ಡಾಕ್ಟರಮ್ಮನ ಕೈಗೆ ಕೊಟ್ಟು ಅಲ್ಲೇ ಬಿದ್ದ. ಆ ಡಾಕ್ಟರಮ್ಮ ಮಗಳನ್ನು ಥಿಯೇಟರಿಗೆ ತರಿಸಿಕೊಂಡು ಆಪರೇಷನ್ ಮಾಡಿದರು. ಹೆಣ್ಣು ಕೂಸು. ತಾಯಿಯೂ ಉಳಿದಳು.

ಊರಿನಲ್ಲಿ ಆಮೇಲೆ ಆದದ್ದನ್ನು ನಾನು ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿಂದಲೇ ಕೇಳಿದೆ. ಯಾರೋ ತೆಗೆದ ವಿಡಿಯೋ ಎಲ್ಲರ ಮೊಬೈಲಿಗೆ ಬಂತು. ಅದರಲ್ಲಿ ಡಾಕ್ಟರಿಗೆ ಬೀಳುವ ಪೆಟ್ಟು ಮಾತ್ರ ಇತ್ತು. ಒಳಗೆ ಬಿದ್ದ ಪೆಟ್ಟುಗಳನ್ನು ಯಾರೂ ತೆಗೆದಿರಲಿಲ್ಲ. ಡಾಕ್ಟರುಗಳು ಕೆಲಸ ನಿಲ್ಲಿಸಿ ಗೇಟಿನಲ್ಲಿ ಕೂತರು. ಅವನಿದ್ದ ಗ್ಯಾರೇಜಿಗೆ ಕಲ್ಲು ಬಿದ್ದವು, ನಿಲ್ಲಿಸಿದ್ದ ಗಿರಾಕಿಗಳ ಗಾಡಿಗಳಿಗೆ ಬೆಂಕಿ ಹಚ್ಚಿದರು. ಬೆಂಗೇರಿಯ ಓಣಿಯಲ್ಲಿ ಶಟರುಗಳು ಇಳಿದವು. ಅತ್ತ ಓಣಿಯಲ್ಲಿ, 'ಹೆರಿಗೆಗೆ ಹೋದ ನಮ್ಮ ಹೆಣ್ಣುಮಗಳನ್ನು ಕೊಂದೇಬಿಟ್ಟರು' ಎಂಬ ಸುಳ್ಳೂ ಹಬ್ಬಿ, ದವಾಖಾನೆಯ ಆಂಬುಲೆನ್ಸಿನ ಗಾಜು ಹೋಯಿತು. ನನ್ನ ಗೈಡ್ ಹಣ್ಣು ತಗೊಂಡು ನೋಡಲು ಬಂದರು. "ನಾ ಹೇಳಿರಲಿಲ್ಲೇನ್ರಿ, ತಿಳುವಳಿಕಿ ಕಡಿಮಿ ಮಂದಿ," ಎಂದರು. ಎದ್ದು ಹೋಗಿರಿ ಎನ್ನಬೇಕೆನಿಸಿತು. ನಾನು ಅನ್ನುವ ಮೊದಲು ಅವ್ವನೇ, "ಸರ್, ತಿಳುವಳಿಕಿ ನಮಗೂ ಕಡಿಮಿ ಇತ್ರಿ," ಎಂದಳು. ಅವರಿಗೆ ಅರ್ಥವಾಗಲಿಲ್ಲ.

ದವಾಖಾನೆಯವರು ವಿಚಾರಣೆಗೆ ಕರೆದಾಗ ನಾನೂ ಸಾಕ್ಷಿ ಹೇಳಲು ಹೋಗಿದ್ದೆ. ಒಂದು ಉದ್ದ ಮೇಜು, ಅದರ ಹಿಂದೆ ಅಧಿಕಾರಿಗಳು. ಮಗಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಅವಳಿಗೆ ಎರಡೂ ಕಡೆಯಿಂದ ಮಾತು ಬಂದಿತ್ತು ಎಂದು ನನಗೆ ಗೊತ್ತಿತ್ತು. ನರ್ಸಿನ ಮಾತು ಎತ್ತದಿದ್ದರೆ ಅಣ್ಣನ ಕೇಸು ಹಗುರ ಮಾಡಿಸುತ್ತೇವೆ ಎಂದು ದವಾಖಾನೆಯ ಕಡೆಯ ಒಬ್ಬರು ಹೇಳಿ ಕಳಿಸಿದ್ದರು. ಅಣ್ಣ ಹೊಡೆದದ್ದನ್ನು ಕಂಡಿಲ್ಲ ಎನ್ನು, ನರ್ಸಿನದು ಮಾತ್ರ ಹೇಳು ಎಂದು ಓಣಿಯ ಹಿರಿಯರು ಕೂತು ಹೇಳಿದ್ದರು. ಅವಳು ನಿಜಕ್ಕೂ ಕಂಡಿರಲಿಲ್ಲ, ಒಳಗಿದ್ದಳು.

"ಆ ನರ್ಸಬಾಯಾರು ನನಗ ಹೊಡದ್ರು. ನಮ್ಮ ಜಾತಿ ಹಿಡದು ಮಾತಾಡಿದ್ರು," ಎಂದಳು. "ನಮ್ಮ ಅಣ್ಣ ಡಾಕ್ಟರಿಗೆ ಹೊಡದ. ನಾ ಕಣ್ಣಿಲೆ ನೋಡಿಲ್ಲ, ಆದ್ರ ಖರೇ ಐತಿ, ಜೇಲಿನ್ಯಾಗ ನಾ ಕೇಳಿದಾಗ ಅವನ ಹೇಳ್ಯಾನ. ಆ ಡಾಕ್ಟರ್ ಇರಲಿಕ್ಕಂದ್ರ ನಾ ಇಲ್ಲಿ ಕುಂತಿರ್ತಿರಲಿಲ್ಲ. ಎರಡೂ ಬರಕೋರಿ. ಒಂದ ಬರಕೊಳ್ಳೋದಾದ್ರ ಯಾವದೂ ಬ್ಯಾಡ."

ಹಿಂದಿನ ಕುರ್ಚಿಯಿಂದ ಖಾಲಾ ಎದ್ದು ಬಂದರು. ಮಗಳಿಗೆ ಹೊಡೆದೇಬಿಡುತ್ತಾರೆ ಅಂದುಕೊಂಡೆ. ಅವರು ತಮ್ಮ ಎದೆಗೇ ಗುದ್ದಿಕೊಂಡರು, ಮತ್ತೆ ಮತ್ತೆ, ಧಬಧಬ ಸದ್ದು ಬರುವ ಹಾಗೆ. "ನನ್ನ ಹೊಟ್ಟಿಯೊಳಗ ಎಂಥಾಕಿ ಹುಟ್ಟಿದ್ಯಲೇ," ಎಂದು ಅತ್ತರು. ಪೊಲೀಸ್ ಹೆಂಗಸು ಅವರನ್ನು ಹೊರಗೆ ಕರೆದೊಯ್ದಳು. ಅವತ್ತು ಸಂಜೆ ಮಗಳ ಬಟ್ಟೆಬರೆ ಬಾಗಿಲ ಹೊರಗಿದ್ದವು. ಅವಳು ಕೂಸಿನ ಸಮೇತ ಗಂಡನ ಮನೆಗೆ ಹೋದಳು.

ನರ್ಸಿಗೆ ವರ್ಗವಾಯಿತು, ಅಷ್ಟೇ. ಅಣ್ಣನಿಗೆ ಜಾಮೀನು ಸಿಗಲು ಬಹಳ ತಿಂಗಳು ಹಿಡಿಯಿತು, ಕೇಸು ಇನ್ನೂ ನಡೆದಿದೆ. ಡಾಕ್ಟರಿಗೆ ಒಂದು ಕಿವಿ ಪೂರ್ತಿ ಹೋಯಿತು. ನಾನು ನೋಡಲು ಹೋದಾಗ ಅವನು ಕೇಳಿಸುವ ಕಿವಿಯನ್ನು ನನ್ನ ಕಡೆ ಮಾಡಿ ಕೂತ. ಅವನು ಹೆಬ್ಬಳ್ಳಿಯ ಒಕ್ಕಲುತನದ ಮನೆಯ ಹುಡುಗ. ಸಿಟ್ಟು ಇದೆಯಾ ಎಂದು ಕೇಳಿದೆ.

"ಐತ್ರಿ. ಯಾಕ ಇರಬಾರದು?" ಎಂದ. "ಆದ್ರ ಮೇಡಂ, ಆ ವಾರ್ಡಿನ್ಯಾಗ ಹೊಡಿಯೋ ಸಪ್ಪಳಾ ನಾ ದಿನಾ ಕೇಳ್ತಿದ್ದೆ. ಕೇಳಿದ್ರೂ ಕೇಳದವರಂಗ ದಾಟಿ ಹೋಗ್ತಿದ್ದೆ. ನನಗ ಬಿದ್ದ ಮ್ಯಾಲೆ ಅದು ನೆನಪಾತು," ಎಂದ. ಅವನು ಕೆಲಸ ಬಿಡಲಿಲ್ಲ. ಹೆರಿಗೆ ಕೋಣೆಯಲ್ಲಿ ಪ್ರತಿ ಹೆಣ್ಣುಮಗಳ ಜೊತೆ ಅವಳ ಕಡೆಯ ಒಬ್ಬ ಹೆಂಗಸು ಇರಲೇಬೇಕು ಎಂದು ಮೇಲಿನವರೊಂದಿಗೆ ಜಗಳಾಡಿ, ಕೊನೆಗೂ ಒಪ್ಪಿಸಿದ.

ನನ್ನ ಪ್ರಬಂಧದಲ್ಲಿ ಪ್ಲೇಗಿನ ಸಿಪಾಯಿಗಳಿಂದ ಹಿಡಿದು ಅವ್ವನ ಮಾತಿನವರೆಗೆ ಎಲ್ಲವನ್ನೂ ಬರೆದೆ. ಅವ್ವನೇ ಬರಿ ಎಂದಳು. ಗೈಡ್ ಒಪ್ಪಲಿಲ್ಲ, ಬೇರೆಯವರ ಕೈಕೆಳಗೆ ಮುಗಿಸಿದೆ. ಬರೆಯುವಾಗ ಒಂದು ಮಾತು ನನ್ನನ್ನು ಬಹಳ ಕಾಡಿತು. ಖಾಲಾ ಅವರ ಹೆದರಿಕೆ ನಿಜ, ಅದಕ್ಕೆ ಒಂದು ಶತಮಾನದ ಕಾರಣವಿತ್ತು. ಆದರೆ ಅವರ ಮಾತು ಕೇಳಿದ್ದರೆ ಮಗಳು ದಾರಿಯಲ್ಲೇ ಸಾಯುತ್ತಿದ್ದಳು. ಎರಡನ್ನೂ ಒಂದೇ ಪುಟದಲ್ಲಿ ಹೇಳುವುದು ಮೇಜಿನ ಎದುರು ಕೂತು ಹೇಳಿದ ಆ ಹುಡುಗಿಗೆ ಆದಷ್ಟು ಸುಲಭವಾಗಿ ನನಗೆ ಆಗಲಿಲ್ಲ.

ಕಳೆದ ಮಳೆಗಾಲದಲ್ಲಿ ಮಗಳು ಕೂಸಿಗೆ ಲಸಿಕೆ ಹಾಕಿಸಲು ಅದೇ ದೊಡ್ಡ ದವಾಖಾನೆಗೆ ಹೊರಟಾಗ ನನಗೂ ಬರಲು ಹೇಳಿದ್ದಳು. ಗೇಟಿನ ಎದುರು, ರಸ್ತೆಯ ಆಚೆ ಬದಿಗೆ, ಹಣ್ಣಿನ ಗಾಡಿಯ ಮರೆಯಲ್ಲಿ ಖಾಲಾ ನಿಂತಿದ್ದರು. ಯಾರು ಹೇಳಿದ್ದರೋ ಗೊತ್ತಿಲ್ಲ. ಮಗಳು ನೋಡಿದಳು, ಕರೆಯಲಿಲ್ಲ, ಒಳಗೆ ನಡೆದಳು. ಸರತಿಯಲ್ಲಿ ನಿಂತಿದ್ದಾಗ ಹಿಂದೆ ಬುರ್ಖಾದ ಸರಪರ ಕೇಳಿಸಿತು. ಖಾಲಾ ಒಳಗೆ ಬಂದಿದ್ದರು. ಗೋಡೆಗೆ ಒತ್ತಿಕೊಂಡು, ಪ್ರತಿ ನರ್ಸಿನ ಕೈಯನ್ನೇ ನೋಡುತ್ತಾ ನಿಂತರು. ಸೂಜಿ ಚುಚ್ಚಿದಾಗ ಕೂಸು ಕಿಟಾರನೆ ಕಿರುಚಿತು. ಅಷ್ಟಕ್ಕೇ ಅವರು ಮುಂದೆ ನುಗ್ಗಿ ಮಗಳ ಕೈಯಿಂದ ಕೂಸನ್ನು ಕಿತ್ತುಕೊಂಡರು.

ಮಗಳು ಬಿಟ್ಟುಕೊಟ್ಟಳು. "ಎರಡನೇದೊಂದು ಸೂಜಿ ಐತಿ. ತೊಡಿ ಗಟ್ಟಿ ಹಿಡಕೋ," ಎಂದಳು ತಾಯಿಗೆ. ಖಾಲಾ ಸ್ಟೂಲಿನ ಮೇಲೆ ಕೂತು, ಮೊಮ್ಮಗಳ ತೊಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನರ್ಸಿನ ಮುಖವನ್ನು ದಿಟ್ಟಿಸಿ ನೋಡಿದರು.

"ಹಾಕ್ರಿ," ಎಂದರು.